ಒಂದೇ ಬೆಟ್ಟದ ಬಸ್ಸಾರು

ಕವಲಂದೆಯ ಚಾಮಯ್ಯನಿಗೆ ಬಾರದ ವಿದ್ಯೆ ಒಂದೇ ಒಂದು: ‘ಗೊತ್ತಿಲ್ಲ’ ಎಂದು ಹೇಳುವುದು. ಮಿಕ್ಕಿದ್ದೆಲ್ಲ ಅವನಿಗೆ ಬರುತ್ತಿತ್ತು. ಬಾರದಿದ್ದರೆ ಬರುತ್ತದೆ ಎಂದು ಹೇಳುತ್ತಿದ್ದ, ಹೇಳಿದ ಮೇಲೆ ತಾನೇ ಮೊದಲು ನಂಬುತ್ತಿದ್ದ. ನಂಜನಗೂಡಿಗೆ ರೈಲು ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು. ಆ ರೈಲು ಯಾಕೆ ಕೂಗುತ್ತದೆ ಎಂದು ಯಾರಾದರೂ ಕೇಳಿದರೆ, ‘ಮೈಸೂರು ಬಿಟ್ಟು ಬಂದ ಬೇಜಾರಿಗೆ’ ಎಂದು ಅವನು ತಡವರಿಸದೆ ಹೇಳುತ್ತಿದ್ದ.

ಈ ಪಾಂಡಿತ್ಯದಿಂದ ಊರಿಗೆ ಹೊತ್ತು ಹೋಗುತ್ತಿತ್ತು. ನಷ್ಟವಾಗುತ್ತಿದ್ದದ್ದು ಮಗಳು ಮುತ್ತಮ್ಮನಿಗೆ. ಅವಳಿಗೆ ಹತ್ತೊಂಬತ್ತು ತುಂಬಿತ್ತು, ಕೂಡಿಬಂದ ಎರಡು ಸಂಬಂಧ ಅಪ್ಪನ ಬಾಯಿಂದಲೇ ಮುರಿದಿದ್ದವು. ಮೊದಲನೆಯ ಗಂಡಿನವರ ಮುಂದೆ ಚಾಮಯ್ಯ, ಅರಮನೆಯ ಮಾವುತ ತನ್ನ ಷಡ್ಡಕ ಎಂದು ಹೇಳಿಬಿಟ್ಟ. ಅವರು ಹದಿನೆಂಟು ಜನ ಗಾಡಿ ಕಟ್ಟಿಕೊಂಡು ಮೈಸೂರಿಗೆ ಹೋಗಿ, ಆನೆ ಲಾಯದ ಮುಂದೆ ಇಡೀ ದಿನ ಕಾದು ವಾಪಸ್ಸು ಬಂದರು. ಎರಡನೆಯ ಸಲ ಗಂಡಿನ ತಾತನ ಮಂಡಿನೋವಿಗೆ ತಾನೇ ಅರೆದ ಲೇಪ ಹಚ್ಚಿದ. ತಾತ ಹತ್ತು ವರ್ಷದ ಮೇಲೆ ಎದ್ದು ಓಡಿದ್ದು ನಿಜ. ಓಡಿದ್ದು ಉರಿ ತಾಳಲಾರದೆ ಕೆರೆಯ ಕಡೆಗೆ.

ಮೂರನೆಯದು ಹಾಗಾಗಬಾರದು ಎಂದು ಮುತ್ತಮ್ಮ ಮನಸ್ಸಿನಲ್ಲೇ ಹಟ ಹಿಡಿದಿದ್ದಳು. ಏಕೆಂದರೆ ಈ ಹುಡುಗನನ್ನು ಅವಳು ನೋಡಿದ್ದಳು. ನಂಜನಗೂಡು ಸ್ಟೇಷನ್ನಿನಲ್ಲಿ ರೈಲಿಗೆ ಬಾವುಟ ತೋರಿಸುವ ಕೆಲಸದವನು, ಹೆಸರು ನಂಜುಂಡ. ಒಂದು ದಿನ ಹಳಿ ದಾಟುವಾಗ ಅಪ್ಪನ ಎತ್ತು ಬೆದರಿ ನಿಂತಾಗ, ಅವನು ಹಸಿರು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು, ಎತ್ತಿನ ಕೊರಳಡಿಯ ಗಂಗೆದೊಗಲು ಸವರಿ, ಮೆಲ್ಲಗೆ ದಾಟಿಸಿದ್ದ. ಗಾಡಿಯಲ್ಲಿ ಕೂತಿದ್ದ ಮುತ್ತಮ್ಮನಿಗೆ ಅವನು ಬಹಳ ಹಿಡಿಸಿದ. ಮನೆಗೆ ಬಂದು ತಾಯಿ ಕೆಂಪಾಜಮ್ಮನಿಗೆ, “ಯಾರವ್ವ ಅವ್ನು, ಎತ್ತಿನ ಕೂಡ ಮಾತಾಡ್ತಾನೆ?” ಎಂದಳು. ತಾಯಿ ಬೇಕಾದ ಅರ್ಥ ಮಾಡಿಕೊಂಡು ವಿಚಾರಿಸಿದಳು. ತಮ್ಮ ಜನವೇ ಎಂದು ಗೊತ್ತಾಯಿತು. ಹುಡುಗನ ತಂದೆ ಶಿವಸ್ವಾಮಿ, ತಿ. ನರಸೀಪುರದಲ್ಲಿ ಅಮಲ್ದಾರರ ತಾಲ್ಲೂಕು ಕಚೇರಿಯಲ್ಲಿ ದಫೇದಾರ, ಅಂದರೆ ಜವಾನರಿಗೆಲ್ಲ ಯಜಮಾನ.

ಇಷ್ಟರಲ್ಲಿ ಚಾಮಯ್ಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದ. ಎಲ್ಲ ಎಡವಟ್ಟೂ ಶುರುವಾದದ್ದು ಅಲ್ಲಿಂದ.

ಬೆಟ್ಟದ ಮೇಲೆ ಒಬ್ಬ ಬಿಳಿ ದೊರೆಯ ಕಾಫಿ ತೋಟವಿತ್ತು. ಮಾಗಿಯಲ್ಲಿ ಕೊಯ್ದು ಒಣಗಿಸಿದ ಕಾಫಿಯನ್ನು ನಂಜನಗೂಡಿನ ರೈಲಿಗೆ ಸಾಗಿಸಲು ಬಾಡಿಗೆ ಗಾಡಿಗಳು ಹೋಗುತ್ತಿದ್ದವು. ಆ ವರ್ಷ ಚಾಮಯ್ಯನ ಗಾಡಿಯೂ ಹೋಯಿತು. ಇಳಿಜಾರಿನಲ್ಲಿ ಹೂತುಹೋದ ಬೇರೊಂದು ಗಾಡಿಯನ್ನು ಅವನ ಎತ್ತುಗಳು ಎಳೆದು ಹಾಕಿದವು. ತೋಟದ ಲೆಕ್ಕ ಬರೆಯುವ ರೈಟರಿಗೆ ಖುಷಿಯಾಗಿ, ತನ್ನ ಮನೆಯ ಜಗುಲಿಯಲ್ಲಿ ಕೂರಿಸಿ ಒಂದು ಲೋಟ ಕಾಫಿ ಕೊಟ್ಟ. ಹೊರಡುವಾಗ ಎರಡು ಸೇರು ಕಾಳನ್ನು ಚೀಲದಲ್ಲಿ ಕಟ್ಟಿಕೊಟ್ಟ.

“ಇದು ಒಂದೇ ಬೆಟ್ಟದ ಕಾಫಿ ಕಣಯ್ಯ,” ಎಂದಿದ್ದ ರೈಟರು. “ಕೊಡಗಿನದು, ಬಾಬಾಬುಡನ್‌ಗಿರಿಯದು ಒಂದು ಕಾಳೂ ಬೆರೆಸಿಲ್ಲ. ಮೇಲೆ ಹಲಸಿನ ನೆರಳು, ಪಕ್ಕದಲ್ಲಿ ಕಿತ್ತಳೆ ಮರ. ಬೆಟ್ಟದ ಚಳಿಗೆ ಹಣ್ಣು ನಿಧಾನವಾಗಿ ಮಾಗುತ್ತೆ. ಆ ನಿಧಾನದ್ದೇ ರುಚಿ.”

ಚಾಮಯ್ಯ ಕುಡಿದ. ಮೊದಲು ಬೇವಿನಷ್ಟು ಕಹಿ. ಉಗಿಯೋಣವೆಂದುಕೊಳ್ಳುವಷ್ಟರಲ್ಲಿ ಕಹಿಯ ಹಿಂದಿನಿಂದ ಬೆಲ್ಲ ಬಂತು. ಬೆಲ್ಲದ ಹಿಂದೆ ಕಿತ್ತಳೆ ಸಿಪ್ಪೆ ಹಿಸುಕಿದಂಥ ಒಂದು ವಾಸನೆ ಮೂಗಿನಲ್ಲಿ ಕೂತಿದ್ದು ಯಳಂದೂರು ದಾಟಿದರೂ ಏಳಲಿಲ್ಲ. ಊರಿಗೆ ಬಂದವನು ಈ ಪುರಾಣವನ್ನು ಅರಳಿಕಟ್ಟೆಯಲ್ಲಿ, ಬಾವಿಕಟ್ಟೆಯಲ್ಲಿ, ಕೊನೆಗೆ ಸ್ವತಃ ಶಾನುಭೋಗರ ಜಗುಲಿಯಲ್ಲೂ ಹೇಳಿದ. ಮನೆಯಲ್ಲಿ ಮಗಳು ಅದನ್ನು ಅರವತ್ತು ಸಲ ಕೇಳಿದಳು. ಕಾಳಿನಿಂದ ನೀರು ಹೇಗಾಗುತ್ತದೆ ಎಂಬುದೊಂದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಅವನು ಕಂಡದ್ದು ಅಂಗಳದಲ್ಲಿ ಕಾಳು, ಜಗುಲಿಯಲ್ಲಿ ಲೋಟ. ನಡುವೆ ಇದ್ದದ್ದು ರೈಟರ ಅಡುಗೆಮನೆ, ಅದರ ಬಾಗಿಲು ಮುಚ್ಚಿತ್ತು.

ಸೋಮವಾರ ಚಾಮಯ್ಯ ಸಂಬಂಧದ ಮಾತಿಗೆ ತಿ. ನರಸೀಪುರಕ್ಕೆ ಹೊರಟ. ಗಾಡಿಯ ಹತ್ತಿರ ಬಂದು ಮುತ್ತಮ್ಮ ಹೇಳಿದಳು: “ಅಪ್ಪಾ, ಈ ಸಲ ಕೇಳ್ದಷ್ಟಕ್ಕೆ ಮಾತ್ರ ಮಾತಾಡು. ನಂಗೋಸ್ಕರ.”

“ನಾನೇನು ಮಾತಾಡೋನಾ?” ಎಂದ ಚಾಮಯ್ಯ, ಮನಸಾರೆ ಆಶ್ಚರ್ಯಪಟ್ಟು.

ಶಿವಸ್ವಾಮಿ ದಫೇದಾರ ಎದೆಗೆ ಅಡ್ಡ ಹಾಕುವ ಕೆಂಪು ಪಟ್ಟಿ, ಡವಾಲಿಯನ್ನು ಮನೆಯಲ್ಲೂ ಬಿಚ್ಚದ ಮನುಷ್ಯ. ಅದರ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಎದುರಿಗೆ ಕೂತವನ ಕಣ್ಣಿಗೆ ಬಿಸಿಲು ಹೊಡೆಯುವಂತೆ ಇಟ್ಟುಕೊಂಡಿದ್ದ. ಹೆಂಡತಿ ಮಂಗಳಮ್ಮ ನೀರು ಮಜ್ಜಿಗೆ ತಂದಿಟ್ಟಳು. ದಫೇದಾರ ಅದನ್ನು ಕೈಯಿಂದ ಅತ್ತ ಸರಿಸಿದ.

“ನಮ್ಗೆ ಇದೆಲ್ಲ ಗಂಟ್ಲಲ್ಲಿ ಇಳಿಯಾಕಿಲ್ಲ ಬುಡಿ. ಕಚೇರಿ ಜೀವ. ದಿನಾ ಅನ್ನೊಂದು ಗಂಟೆಗೊಂದು, ನಾಕು ಗಂಟೆಗೊಂದು ಕಾಪಿ ಆಗ್ಲೇಬೇಕು. ಅಮಲ್ದಾರ್ರಿಗೂ ಅಷ್ಟೇ, ನಮ್ಗೂ ಅಷ್ಟೇ. ನಿಮ್ ಕಡೆ ಅಳ್ಳೀಲಿ ಕಾಪಿ ಅಂದ್ರೆ ಏನು ಅಂತ ಗೊತ್ತಿರಾಕಿಲ್ಲ, ಪಾಪ.”

ಇಲ್ಲಿ ಚಾಮಯ್ಯ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಕಷ್ಟ ನಮಗಿರುತ್ತಿರಲಿಲ್ಲ.

“ಗೊತ್ತಿಲ್ವಾ?” ಎಂದ ಅವನು, ಕೂತಲ್ಲೇ ಎರಡು ಅಂಗುಲ ಎತ್ತರವಾಗಿ. “ನಮ್ಮನೇಲಿ ಬೆಳಿಗ್ಗೆ ಕಾಪಿ, ಬೈಗು ಕಾಪಿ. ಅದೂ ಒಂದೇ ಬೆಟ್ಟದ್ದು ಬೀಗ್ರೇ! ಬಿಳಿಗಿರಿರಂಗನ ಬೆಟ್ಟ. ಬೇರೆ ಬೆಟ್ಟದ ಒಂದು ಕಾಳು ಬೆರೆತ್ರೆ ನನ್ ಮಗಳು ಲೋಟ ಬಿಸಾಕ್ತಾಳೆ. ಮಾಡೋಳೂ ಅವಳೇ.”

ದಫೇದಾರ ಒಂದು ಕ್ಷಣ ತಬ್ಬಿಬ್ಬಾದ. ಆದರೆ ಬಿಲ್ಲೆ ಹೊತ್ತವನು ಹಿಂದೆ ಸರಿಯುವುದುಂಟೇ? “ಓಹೋ, ಅಂಗಾದ್ರೆ ಭಾನುವಾರ ಬತ್ತೀವಿ. ಕಾಪಿ ಮೊದ್ಲು, ಮಾತು ಆಮ್ಯಾಲೆ. ಕಾಪಿ ನಮ್ಮ ಅಮಲ್ದಾರ್ರ ಕಾಪಿ ತರ ಇದ್ರೆ ಅಲ್ಲೇ ವೀಳ್ಯ. ಇಲ್ದಿದ್ರೆ…” ಎಂದು ಮೀಸೆಯ ಮೇಲೆ ಕೈಯಿಟ್ಟ.

ಆ ‘ಇಲ್ದಿದ್ರೆ’ಯನ್ನು ಮಡಿಲಲ್ಲಿ ಕಟ್ಟಿಕೊಂಡು ಚಾಮಯ್ಯ ಊರಿಗೆ ಬಂದ. ವಿಷಯ ಕೇಳಿ ಕೆಂಪಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. ಮುತ್ತಮ್ಮ ಅಪ್ಪನನ್ನೊಮ್ಮೆ ನೋಡಿ, ಕೊಟ್ಟಿಗೆಗೆ ಹೋಗಿ ಎತ್ತಿನ ಪಕ್ಕದಲ್ಲಿ ನಿಂತುಕೊಂಡಳು. ಬೈದಿದ್ದರೆ ಚಾಮಯ್ಯ ತಡೆದುಕೊಳ್ಳುತ್ತಿದ್ದ. ಮಗಳು ಸುಮ್ಮನಿದ್ದದ್ದು ಅವನ ಎದೆಗೆ ಚುಚ್ಚಿತು.

“ಈಗ್ಲಾದ್ರೂ ಶಾನುಭೋಗ್ರ ಮನೇಲಿ ಕೇಳ್ಕೊಂಡು ಬನ್ನಿ, ಎಂಗೆ ಮಾಡೋದು ಅಂತ,” ಎಂದಳು ಕೆಂಪಾಜಮ್ಮ.

“ಅವ್ರಿಗೆ ನಾನೇ ಮೂರು ಗಂಟೆ ಪಾಠ ಮಾಡಿ ಬಂದಿವ್ನಿ ಕಣೇ! ಈಗ ಓಗಿ ಕೇಳಿದ್ರೆ ನನ್ ಮರ್ವಾದೆ ಏನಾಗ್ಬೇಕು?”

“ಅಂಗಾದ್ರೆ ನೀವೇ ಹೇಳಿ. ಕಾಳು ಅಂದ್ರೆ ಕಾಳು. ಉರುಳಿ ಕಾಳ್ನ ಏನ್ ಮಾಡ್ತೀವಿ?”

“ನೆನೆಸ್ತೀವಿ.”

“ಆಮೇಲೆ?”

“ಮೊಳಕೆ ಕಟ್ತೀವಿ.”

“ಮತ್ತೆ!” ಎಂದಳು ಕೆಂಪಾಜಮ್ಮ. ವಿಚಾರಣೆ ಅಲ್ಲಿಗೆ ಮುಗಿಯಿತು.

ಬುಧವಾರ ಒಂದು ಸೇರು ಕಾಫಿ ಕಾಳು ನೀರಿಗೆ ಬಿತ್ತು. ಗುರುವಾರ ಒದ್ದೆಬಟ್ಟೆಯಲ್ಲಿ ಕಟ್ಟಿ ಸೂರಿಗೆ ತೂಗುಹಾಕಿದರು. ಶುಕ್ರವಾರ ಬಿಚ್ಚಿ ನೋಡಿದರು. ಕಾಳು ಹೇಗಿತ್ತೋ ಹಾಗೆ ಗಂಟುಮುಖ ಹಾಕಿಕೊಂಡಿತ್ತು. ಪಕ್ಕದ ಮನೆಯ ಸಾಕಮ್ಮ ಬಂದು, ಅವರೆಕಾಳಿನಂತೆ ಹಿತುಕಬೇಕು ಎಂದಳು. ಅವಳೂ ಕೆಂಪಾಜಮ್ಮನೂ ಕೂತು ಹಿತುಕಿದರು. ಹಿತುಕಿದವರ ಬೆರಳು ಸುಲಿಯಿತು, ಕಾಳು ಸುಲಿಯಲಿಲ್ಲ.

“ಬೆಟ್ಟದ ಕಾಳು, ಸೊಕ್ಕು ಜಾಸ್ತಿ. ಬೇಯಿಸಿದ್ರೆ ದಾರಿಗೆ ಬತ್ತದೆ,” ಎಂದು ಚಾಮಯ್ಯ ತೀರ್ಪು ಕೊಟ್ಟ.

ಶನಿವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಳು ಬೆಂದಿತು. ಬೆಂದಿತು ಎನ್ನುವುದು ಮಾತಿಗೆ, ಬೆಂದದ್ದು ಸೌದೆ. ನೀರು ಮಾತ್ರ ಒಂದು ತರಹದ ಹುಲ್ಲಿನ ಬಣ್ಣಕ್ಕೆ ತಿರುಗಿತು. ಇನ್ನು ಮುಂದಿನದು ಕವಲಂದೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾದ್ದಲ್ಲ. ಕಾಳು ಬೆಂದ ನೀರನ್ನು ಬಸಿದು ಅದಕ್ಕೆ ಖಾರ ಅರೆದು ಹಾಕಿದರೆ ಬಸ್ಸಾರು, ಉಳಿದ ಕಾಳಿಗೆ ಕಾಯಿತುರಿ ಹಾಕಿದರೆ ಪಲ್ಯ. ಕೆಂಪಾಜಮ್ಮ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು ಅರೆದು ಹಾಕಿ ಒಗ್ಗರಣೆ ಕೊಟ್ಟಳು.

“ನೀವು ಕುಡಿದಿದ್ದು ಇದೇನಾ?” ಎಂದಳು.

ಚಾಮಯ್ಯ ಒಂದು ಸೌಟು ಕುಡಿದ. ಕಣ್ಣಲ್ಲಿ ನೀರು ಬಂತು. ಅದು ಕಿತ್ತಳೆಯ ಕಡೆಯ ನೀರಲ್ಲ, ಮೆಣಸಿನ ಕಡೆಯದು. ಆದರೂ, “ಇದೇ,” ಎಂದ. ಎಂದ ಮೇಲೆ ನಂಬಿದ.

ಪಲ್ಯದ ಪರೀಕ್ಷೆಗೆ ಗೆಳೆಯ ಬೋರಯ್ಯ ಬಂದ. ಬೋರಯ್ಯ ಊಟದ ವಿಷಯದಲ್ಲಿ ಧೈರ್ಯಸ್ಥ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಡಿದ. ಕಟಕ್ ಎಂದು ಶಬ್ದವಾಯಿತು. ಅಂಗೈಗೆ ಉಗುಳಿಕೊಂಡು ನೋಡಿದರೆ ಕಾಳು ಇಡಿಯಾಗಿತ್ತು, ಬೋರಯ್ಯನ ದವಡೆ ಹಲ್ಲು ಎರಡಾಗಿತ್ತು.

“ಇದು ಕಾಳಲ್ಲ ಕಣ್ಲಾ ಚಾಮಯ್ಯ,” ಎಂದ ಅವನು ಕೆನ್ನೆ ಹಿಡಿದುಕೊಂಡು. “ನಂಜನಗೂಡು ರೈಲು ಹಳಿ ಕೆಳಗೆ ಹಾಕೋ ಜಲ್ಲಿ ಇದು. ನಿನ್ ರೈಟರು ಯಾವ್ದೋ ಮೂಟೇನ ಕಾಪಿ ಅಂತ ಕೊಟ್ಬುಟ್ಟವ್ನೆ.”

ಭಾನುವಾರ ಬಂತು. ಬೀಗರ ಬಾಯಿಗೆ ಏನಾದರೂ ತಿನ್ನಲು ಬೇಕಲ್ಲ ಎಂದು ಕೆಂಪಾಜಮ್ಮ ಹುರಿಹಿಟ್ಟು ಮಾಡಲು ಹೊರಟಳು. ರಾಗಿ ಸಾಲದು ಅನ್ನಿಸಿತು. ಮೂಲೆಯಲ್ಲಿ ಉಳಿದ ಒಂದು ಸೇರು ಕಾಫಿ ಕಾಳು ಕಣ್ಣಿಗೆ ಬಿತ್ತು. “ಬೇಯದಿದ್ರೆ ಬ್ಯಾಡ ಮುಂಡೇದು, ಉರಿದ್ರಾದ್ರೂ ಇಟ್ಟಾಗ್ಲಿ,” ಎಂದು ಬಾಣಲೆಗೆ ಸುರಿದು ಒಲೆಗೆ ಸೌದೆ ತಳ್ಳಿದಳು. ಅಷ್ಟರಲ್ಲಿ ಹೊರಗೆ ಗಾಡಿಯ ಗೆಜ್ಜೆ ಕೇಳಿತು. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ದಫೇದಾರನ ಸವಾರಿ ಬಂದಿತ್ತು. ಕೆಂಪಾಜಮ್ಮ ಮಗಳಿಗೆ ಒಲೆ ಒಪ್ಪಿಸಿ, ಕಾಲಿಗೆ ನೀರು ಹಿಡಿದುಕೊಂಡು ಓಡಿದಳು. ಅಡುಗೆಮನೆಯ ಬಾಗಿಲು ಮುಚ್ಚಿತು.

ಪಡಸಾಲೆಯಲ್ಲಿ ದಫೇದಾರ ಡವಾಲಿ ಸಮೇತ ಕೂತ. ಪಕ್ಕದಲ್ಲಿ ಮಂಗಳಮ್ಮ, ಅವಳ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಂಜುಂಡ. ಬೋರಯ್ಯ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಊರಿನ ಪ್ರತಿನಿಧಿಯಾಗಿ ಬಾಗಿಲಲ್ಲಿ ನಿಂತ. ನಿನ್ನೆಯ ಬಸ್ಸಾರನ್ನು ಹಿತ್ತಲ ಒಲೆಯಲ್ಲಿ ಕಾಯಿಸಿ ಲೋಟಗಳಿಗೆ ಬಗ್ಗಿಸಿ ಚಾಮಯ್ಯನೇ ತಂದಿಟ್ಟ.

ದಫೇದಾರ ಲೋಟವೆತ್ತಿ, ಕಣ್ಣು ಮುಚ್ಚಿ, ಒಂದು ಗುಟುಕು ಎಳೆದ.

“ಆಹಾ!” ಎಂದ ದಫೇದಾರ. “ಇದು ಕಾಪಿ ಅಂದ್ರೆ! ನಮ್ಮ ಅಮಲ್ದಾರ್ರ ಕಾಪೀನೇ ಕುಡ್ದಂಗಾಯ್ತು. ನಿಮ್ದ್ರಲ್ಲಿ ಬೆಳ್ಳುಳ್ಳಿ ಮಾತ್ರ ಒಂದು ಎಸಳು ಮುಂದು.”

ಚಾಮಯ್ಯನಿಗೆ ಕಿವಿ ನಂಬಲಾಗಲಿಲ್ಲ. ತಾನು ಹೇಳಿದ್ದು ನಿಜವೇ ಆಗಿಬಿಡುವುದು ಅವನ ಜೀವಮಾನದಲ್ಲಿ ಇದೇ ಮೊದಲು. ಮಂಗಳಮ್ಮ ಒಂದು ಗುಟುಕು ಕುಡಿದು ಕೆಮ್ಮಿ, “ಇದಾ?” ಎಂದಳು ಗಂಡನ ಕಡೆ ತಿರುಗಿ. “ಸುಮ್ಕಿರು. ಅಭ್ಯಾಸ ಇಲ್ದೋರಿಗೆ ಅಂಗೇಯಾ,” ಎಂದ ದಫೇದಾರ. ನಂಜುಂಡ ಲೋಟದೊಳಗೆ ತೇಲುತ್ತಿದ್ದ ಕರಿಬೇವನ್ನು ಬಹಳ ಹೊತ್ತು ನೋಡಿದ.

“ಅಂಗಾದ್ರೆ ವೀಳ್ಯ…” ಎಂದು ಚಾಮಯ್ಯ ಹೆಂಡತಿ ಹಿಡಿದಿದ್ದ ತಟ್ಟೆಗೆ ಕೈ ಚಾಚಿದ.

ಆಗ ಒಳಗೆ ಚಟಪಟ ಸಿಡಿದ ಶಬ್ದವಾಯಿತು. ಅಡುಗೆಮನೆಯ ಬಾಗಿಲ ಸಂದಿಯಿಂದ ಹೊಗೆ ಬಂತು. ಬೀಸುವ ಕಲ್ಲು ಗರಗರ ತಿರುಗಿತು. ಬೋರಯ್ಯ, “ಬೆಂಕಿ! ಬೆಂಕಿ ಬಿತ್ತು ಕಣ್ರಪ್ಪೋ!” ಎಂದು ಬೀದಿಗೆ ಓಡಿ, ಸಾಕಮ್ಮನ ಮನೆಯ ನೀರಿನ ಬಿಂದಿಗೆ ಎತ್ತಿಕೊಂಡು ಬಂದ. ಅವನ ಹಿಂದೆ ಸಾಕಮ್ಮ, ಅವಳ ಹಿಂದೆ ಅರ್ಧ ಕೇರಿ.

ಹೊಗೆ ತೆಳುವಾಯಿತು. ಅದರ ಹಿಂದಿನಿಂದ ಒಂದು ವಾಸನೆ ಬಂತು. ಚಾಮಯ್ಯ ಇದ್ದಲ್ಲೇ ಕಲ್ಲಾದ. ಕಹಿ, ಬೆಲ್ಲ, ಕಿತ್ತಳೆ ಸಿಪ್ಪೆ. ರೈಟರ ಜಗುಲಿಯೇ ಬೆಟ್ಟ ಇಳಿದು ಮನೆಗೆ ಬಂದ ಹಾಗಿತ್ತು. ಇದು ಕಾಫಿಯಾದರೆ, ಬೀಗರು ಹೊಗಳಿ ಕುಡಿದದ್ದು ಏನು? ಅದು ಕಾಫಿಯಲ್ಲ ಎಂದು ಈಗ ಗೊತ್ತಾದರೆ, ಮಗಳ ಗತಿ ಏನು?

ಅವನು ಹೆದರಿ ದಫೇದಾರನ ಮುಖ ನೋಡಿದ. ಅಲ್ಲಿ ಇನ್ನೂ ದೊಡ್ಡ ವಿಪರೀತ ನಡೆಯುತ್ತಿತ್ತು. ದಫೇದಾರನ ಮೂಗಿನ ಹೊಳ್ಳೆಗಳು ಅರಳಿದವು. ಅವನು ಯಾರೋ ದಾರ ಕಟ್ಟಿ ಎಳೆದಂತೆ ಎದ್ದು ನಿಂತ. ಹೊಟ್ಟೆ ಒಳಗೆ ಹೋಯಿತು, ಡವಾಲಿ ನೆಟ್ಟಗಾಯಿತು, ರುಮಾಲಿನ ತುದಿ ಸರಿಯಾಯಿತು. ನಾಲ್ಕು ದಾಪುಗಾಲು ಹಾಕಿ ಅಡುಗೆಮನೆಯ ಬಾಗಿಲನ್ನು ಹಾರುಹೊಡೆದು, ಒಂದು ಪಕ್ಕಕ್ಕೆ ಸರಿದು, ಗದ್ದ ಎತ್ತಿ ನಿಂತು, ಗೋಡೆಯನ್ನು ನೋಡುತ್ತ ಕೂಗಿದ:

“ಕಾಪಿ ಬಂತು ಸ್ವಾಮೀ!”

ಬೋರಯ್ಯನ ಬಿಂದಿಗೆ ಅರ್ಧ ಓರೆಯಾಗಿ ನಿಂತಿತು. ತೆರೆದ ಬಾಗಿಲೊಳಗೆ ಮುತ್ತಮ್ಮ ಕಂಡಳು. ಕಪ್ಪಗೆ ಹುರಿದ ಕಾಳು ಬಾಣಲೆಯಲ್ಲಿ, ಬೀಸಿದ ಪುಡಿ ಕಲ್ಲಿನ ಸುತ್ತ, ಕುದಿಯುವ ನೀರು ಹೊಯ್ದ ಪಾತ್ರೆಯ ಮೇಲೆ ಮುಚ್ಚಳ. ಅವಳು ಬಿಳಿ ಬಟ್ಟೆ ಹಿಡಿದು, ಬಸ್ಸಾರಿಗೆ ಬಸಿಯುವ ಹಾಗೆಯೇ, ಕಪ್ಪು ನೀರನ್ನು ಮೆಲ್ಲಗೆ ಬಸಿಯುತ್ತಿದ್ದಳು. ಪಕ್ಕದಲ್ಲಿ ಹಾಲು ಕಾದಿತ್ತು, ಬೆಲ್ಲ ಜಜ್ಜಿ ಇಟ್ಟಿತ್ತು. ಅರವತ್ತು ಸಲ ಕೇಳಿದ ವಾಸನೆಯನ್ನು ಅರವತ್ತೊಂದನೆಯ ಸಲಕ್ಕೆ ಅವಳ ಮೂಗು ಗುರುತು ಹಿಡಿದಿತ್ತು.

ಮೊದಲು ಬಾಯಿ ಬಿಟ್ಟವಳು ಮಂಗಳಮ್ಮ. “ಅಲ್ಲಾ, ಯಾಕಿಂಗೆ ನಿಂತ್ರಿ? ಕಚೇರೀಲಿ ಅಮಲ್ದಾರ್ರ ಜತೇಲಿ ಕೂತು ಕುಡೀತೀನಿ ಅಂತ ಹದ್ನಾಕು ವರ್ಸದಿಂದ ಏಳ್ತಾ ಇದ್ರಲ್ಲ?”

ದಫೇದಾರನ ಗದ್ದ ಮೆಲ್ಲಗೆ ಕೆಳಗಿಳಿಯಿತು. ಬಿಲ್ಲೆಯ ಮೇಲೆ ಕೈಯಿಟ್ಟುಕೊಂಡ. ಅಷ್ಟು ದೊಡ್ಡ ಆಳು ಇಷ್ಟು ಸಣ್ಣವನಾಗಿ ಕಂಡದ್ದು ನೋಡಿ ಚಾಮಯ್ಯನಿಗೆ ಕರುಳು ಚುರ್ ಎಂದಿತು.

“ಕುಡ್ದಿಲ್ಲ ಕಣೇ,” ಎಂದ ದಫೇದಾರ. “ಅಡಿಗೆಯೋನು ಮನೆಯಿಂದ ಕೂಜಾ ತತ್ತಾನೆ. ನಾನು ಬಾಗ್ಲು ತೆಗೀತೀನಿ. ಅವ್ರು ಕುಡಿಯೋಗಂಟ ಬಾಗ್ಲಲ್ಲೇ ನಿಂತಿರ್ತೀನಿ. ವಾಸನೆ ಬತ್ತದೆ. ಅಷ್ಟೇಯ. ಬೆಳ್ಳುಳ್ಳಿ ಹಾಕ್ತಾರೋ ಇಲ್ವೋ ನಂಗೇನು ಗೊತ್ತು?”

ಯಾರೂ ನಗಲಿಲ್ಲ. ಈಗ ಎಲ್ಲರ ಕಣ್ಣೂ ಚಾಮಯ್ಯನ ಮೇಲೆ. ಬೇಕಿದ್ದರೆ ಅವನು ಗೆದ್ದವನಂತೆ ಮೀಸೆ ತಿರುವಬಹುದಿತ್ತು. ಬೆಟ್ಟದ ಮೇಲೆ ಮೊದಲ ಕಾಫಿ ಬೆಳ್ಳುಳ್ಳಿಯದು, ಎರಡನೆಯದು ಹಾಲಿನದು ಎಂದು ಹೊಸ ಪುರಾಣ ಹೂಡಬಹುದಿತ್ತು. ನಾಲಗೆ ತುದಿಗೆ ಅದು ಬಂದೂ ಇತ್ತು. ಬಾಗಿಲೊಳಗಿಂದ ಮುತ್ತಮ್ಮ ಅವನನ್ನೇ ನೋಡುತ್ತಿದ್ದಳು, ಕೊಟ್ಟಿಗೆಗೆ ಹೋದ ದಿನ ನೋಡಿದ ಹಾಗೆ.

“ನಂಗೂ ಗೊತ್ತಿಲ್ಲ ಬೀಗ್ರೇ,” ಎಂದ ಚಾಮಯ್ಯ.

ಕೆಂಪಾಜಮ್ಮನ ಕೈಯಲ್ಲಿದ್ದ ವೀಳ್ಯದ ತಟ್ಟೆ ಠಣ್ ಎಂದು ನೆಲಕ್ಕೆ ಬಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವಳು ಕೇಳಿದ್ದು ಅಂದೇ.

“ಒಂದೇ ಒಂದು ಲೋಟ ಕುಡ್ದಿವ್ನಿ, ಬೆಟ್ಟದಲ್ಲಿ. ಮಾಡೋದು ಎಂಗೆ ಅಂತ ನೋಡ್ನಿಲ್ಲ. ನೀವು ಕುಡ್ದಿದ್ದು ಬಸ್ಸಾರು. ಕಾಪಿ ಎಂಗೆ ಮಾಡ್ತಾರೆ ಅಂತ ಈ ಮನೇಲಿ ಗೊತ್ತಿರಾದು ನನ್ ಮಗಳಿಗೆ. ಅದೂ ಈಗ ಒಂದು ಗಳಿಗೆಯಿಂದ. ತಪ್ಪೆಲ್ಲ ನಂದು. ಅವಳದ್ದು ಏನೂ ಇಲ್ಲ.”

ಮುತ್ತಮ್ಮ ಲೋಟ ಹಿಡಿದು ಹೊರಗೆ ಬಂದಳು. ಲೋಟದಿಂದ ಹಬೆ ಏಳುತ್ತಿತ್ತು. ಬಾಗಿಲ ಪಕ್ಕ ಇನ್ನೂ ನೆಟ್ಟಗೆ ನಿಂತೇ ಇದ್ದ ದಫೇದಾರನ ಮುಂದೆ ನಿಂತು ಹೇಳಿದಳು:

“ಇವತ್ತು ಕೂತ್ಕೊಂಡು ಕುಡೀರಿ ಮಾವ.”

‘ಮಾವ’ ಎಂದದ್ದು ಅವಳಿಗೆ ಗೊತ್ತಾದದ್ದು ಅಂದ ಮೇಲೆ. ಮುಖ ಕೆಂಪಗಾಗಿ ಸೆರಗು ಎಳೆದುಕೊಂಡಳು. ಮೂಲೆಯಲ್ಲಿ ನಂಜುಂಡ ಮೊದಲ ಸಲ ತಲೆ ಎತ್ತಿದ. ಬೇರೆ ಯಾರೂ ಹಸಿರು ಬಾವುಟ ತೋರಿಸಬೇಕಾಗಿರಲಿಲ್ಲ.

ದಫೇದಾರ ಡವಾಲಿ ಬಿಚ್ಚಿ ಮೊಳೆಗೆ ತೂಗುಹಾಕಿದ. ಕೆಳಗೆ ಕೂತ. ಕುಡಿದ. ಮುಖ ಕಹಿಗೆ ಸೊಟ್ಟಗಾಯಿತು, ಆಮೇಲೆ ಬೆಲ್ಲಕ್ಕೆ ನೆಟ್ಟಗಾಯಿತು. “ಇಂಗಿರ್ತದಾ?” ಎಂದ, ಯಾರಿಗೂ ಅಲ್ಲದಂತೆ. ಹದಿನಾಲ್ಕು ವರ್ಷ ಬಾಗಿಲಲ್ಲಿ ನಿಂತವನ ಕಣ್ಣಿನಿಂದ ಒಂದು ಹನಿ ಮೀಸೆಗೆ ಇಳಿಯಿತು. ಮಂಗಳಮ್ಮ ಅವನ ಕೈಯಿಂದ ಲೋಟ ಕಿತ್ತು ಉಳಿದರ್ಧ ಕುಡಿದು, “ವೀಳ್ಯ ತಕ್ಕೊಳ್ಳಿ, ಎಣ್ಣು ನಮ್ದು,” ಎಂದಳು. ಬಾಗಿಲಲ್ಲಿ ನೆರೆದಿದ್ದ ಅರ್ಧ ಕೇರಿ ಒಟ್ಟಿಗೆ ಉಸಿರು ಬಿಟ್ಟಿತು.

ಕೆಳಗೆ ಚೆಲ್ಲಿದ್ದ ಎಲೆ ಅಡಿಕೆಯನ್ನು ಚಾಮಯ್ಯನೇ ಬಗ್ಗಿ ಆರಿಸಿದ. ಮುಂದಿನ ತಿಂಗಳು ಮುಹೂರ್ತ ಯಾವ ದಿನ ಒಳ್ಳೆಯದು ಎಂದು ಯಾರೋ ಕೇಳಿದರು. ಚಾಮಯ್ಯ ಬಾಯಿ ತೆರೆದ, ಮಗಳ ಕಡೆ ನೋಡಿದ, “ಜೋಯಿಸ್ರನ್ನ ಕೇಳೋಣ,” ಎಂದ. ಹೊಸ ವಿದ್ಯೆ ಮೈಗೆ ಹತ್ತುತ್ತಿತ್ತು.

ಊಟಕ್ಕೆ ಎಲೆ ಹಾಕಿದರು. ಬಿಸಿ ಮುದ್ದೆ ಬಂತು. ದಫೇದಾರ ಅತ್ತಿತ್ತ ನೋಡಿ, ಕೆಂಪಾಜಮ್ಮನ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದ:

“ಬೀಗಿತ್ತೀ, ಆ ಮೊದಲ್ನೇ ಕಾಪಿ ಇನ್ನೊಂದು ಸೌಟು ಅದಾ? ಮುದ್ದೆಗೆ ಅದೇ ಸೈ. ಕಾಳಿನ ಪಲ್ಯ ಏನಾದ್ರೂ ಇದ್ರೆ ಅದೂ ಇರ್ಲಿ.”

“ಕಾಳು ಬ್ಯಾಡಿ ಬುದ್ಧೀ!” ಎಂದು ಬೋರಯ್ಯ ಕೆನ್ನೆ ಹಿಡಿದುಕೊಂಡು ಎದ್ದು ನಿಂತ.